ಶಾಸಕರ ಪತ್ರದಿಂದ ಮಗ ಸೈನಿಕನಾಗುತ್ತಾನೆಯೇ? ಕಾರ್ಕಳದ ತಂದೆಯೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮದು ಕಾರ್ಕಳ ತಾಲೂಕು. ಮಗನಿಗೆ 18 ತುಂಬಿದೆ, ದ್ವಿತೀಯ ಪಿಯುಸಿ ವಾಣಿಜ್ಯದಲ್ಲಿ ಶೇ. 71 ಅಂಕ, ಎತ್ತರ 167 ಸೆಂ.ಮೀ. ಸೇನೆಗೇ ಸೇರಬೇಕೆಂಬ ಹಟ. ಊರಿನ ಪಕ್ಷದ ಮುಖಂಡರೊಬ್ಬರು ಶಾಸಕರಿಂದ ಪತ್ರ ಕೊಡಿಸುತ್ತೇನೆ, ಭರ್ತಿ ಕಚೇರಿಯಲ್ಲಿ ನಮ್ಮವರಿದ್ದಾರೆ ಎನ್ನುತ್ತಾರೆ. ಅವರ ಕಡೆಯವರು ಮೂರೂವರೆ ಲಕ್ಷ ಕೇಳಿ, ಸದ್ಯಕ್ಕೆ ಎಸ್ಸೆಸ್ಸೆಲ್ಸಿಯ ಮೂಲ ಅಂಕಪಟ್ಟಿ ತೆಗೆದುಕೊಂಡು ಹೋಗಿದ್ದಾರೆ. ಕಳೆದ ವರ್ಷ, ಮಗನಿಗೆ 17 ಇದ್ದಾಗ, ಅದೇ ಪಕ್ಷದ ಬೈಕ್ ಮೆರವಣಿಗೆಯಲ್ಲಿ ಗಲಾಟೆಯಾಗಿ ಹತ್ತಾರು ಜನರ ಜೊತೆ ಅವನ ಹೆಸರೂ ಠಾಣೆಯಲ್ಲಿ ದಾಖಲಾಗಿದೆ. ಅದನ್ನು ಅರ್ಜಿಯಲ್ಲಿ ಬರೆಯಬೇಡಿ ಎಂಬುದು ಅವರ ಸಲಹೆ. ಎಡತೋಳಿನ ಮೇಲ್ಭಾಗದಲ್ಲಿ ಹುಲಿಯ ಹಚ್ಚೆಯೂ ಇದೆ. ಮಾಜಿ ಸೈನಿಕರಾದ ನನ್ನ ಭಾವ, "ಈಗ ಮಾನದಂಡವೆಲ್ಲ ಸಡಿಲ, ನಾಲ್ಕು ವರ್ಷಕ್ಕೆ ಬರುವವರಿಗೆ ನಿಷ್ಠೆ ಎಲ್ಲಿಂದ ಬರಬೇಕು, ಸೇನೆಯೂ ರಾಜಕಾರಣಿಗಳ ಕೈಗೆ ಹೋಯಿತು" ಎಂದು ಬೇಸರಪಡುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ಮೊದಲು ಅಂಕಪಟ್ಟಿ ವಾಪಸ್ ತನ್ನಿ, ಉಳಿದದ್ದು ಆಮೇಲೆ. ದಾಖಲೆ ಪರಿಶೀಲನೆಯ ದಿನ ಮೂಲ ಪ್ರತಿ ಕೈಯಲ್ಲಿಲ್ಲದಿದ್ದರೆ ಓಟದಲ್ಲಿ ಮೊದಲಿಗನಾಗಿ ಬಂದವನೂ ಮನೆಗೆ ಹೊರಡಬೇಕಾಗುತ್ತದೆ. ದಲ್ಲಾಳಿಗಳು ಮೂಲ ಪ್ರತಿಯನ್ನೇ ಹಿಡಿದಿಟ್ಟುಕೊಳ್ಳುವುದು ಅದಕ್ಕಾಗಿ. ಇವರ ವ್ಯಾಪಾರ ನಡೆಯುವ ಬಗೆಯೂ ಸರಳ. ಇಪ್ಪತ್ತು ಹುಡುಗರ ಹತ್ತಿರ ಮಾತಾಡಿಟ್ಟುಕೊಳ್ಳುತ್ತಾರೆ. ಅವರಲ್ಲಿ ಎರಡು ಮೂರು ಮಂದಿ ಸ್ವಂತ ಬಲದಿಂದಲೇ ಆಯ್ಕೆಯಾಗುತ್ತಾರೆ. ಆಯ್ಕೆಯಾದವರಿಗೆ "ನಮ್ಮಿಂದಲೇ ಆದದ್ದು" ಎಂದು ಹೇಳಿ ಹಣ ವಸೂಲು ಮಾಡುತ್ತಾರೆ, ಉಳಿದವರಿಗೆ "ಮುಂದಿನ ಸಲ ನೋಡುವ" ಎನ್ನುತ್ತಾರೆ. ಇದರ ನಡುವೆ ಅವರು ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿರುವುದಿಲ್ಲ, ಯಾರಿಗೂ ಒಂದು ಫೋನ್ ಮಾಡಿರುವುದಿಲ್ಲ. ಅಂಕಪಟ್ಟಿ ಕೊಡಲು ಸತಾಯಿಸಿದರೆ ಠಾಣೆಗೆ ದೂರು ಕೊಡಿ. ಜೊತೆಗೇ ಮಗ ಓದಿದ ಶಾಲೆಯ ಮೂಲಕ ನಕಲು ಅಂಕಪಟ್ಟಿಗೂ ಅರ್ಜಿ ಹಾಕಿಡಿ.

ಹಣದ ವಿಷಯದಲ್ಲಿ ಒಂದು ಕಾನೂನು ತಿಳಿದಿರಲಿ. 2018ರ ತಿದ್ದುಪಡಿಯ ಬಳಿಕ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮಿನಂತೆ ಲಂಚ ಕೊಡುವವನೂ ಅಪರಾಧಿ, ಮೂರನೆಯವರ ಮೂಲಕ ಕೊಟ್ಟರೂ ಅಷ್ಟೇ. ಶಿಕ್ಷೆ ಏಳು ವರ್ಷದವರೆಗೂ ಹೋಗಬಹುದು. ಒತ್ತಾಯಕ್ಕೆ ಮಣಿದು ಕೊಟ್ಟಿದ್ದರೆ ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ಮಾತ್ರ ರಕ್ಷಣೆ ಇದೆ. ನೀವು ಇನ್ನೂ ಕೊಟ್ಟಿಲ್ಲ ಎಂದುಕೊಳ್ಳುತ್ತೇನೆ.

ಇನ್ನು ಶಾಸಕರ ಪತ್ರ. ಈಗ ಭರ್ತಿ ಹೇಗೆ ನಡೆಯುತ್ತದೆ ಎಂದು ನೋಡಿದರೆ ಆ ಪತ್ರ ಇಡುವುದಕ್ಕೂ ಅಲ್ಲಿ ಒಂದು ಮೇಜಿಲ್ಲ ಎಂದು ಗೊತ್ತಾಗುತ್ತದೆ. ಸೇನೆಯ ಜಾಲತಾಣದಲ್ಲೇ ಅರ್ಜಿ, 250 ರೂಪಾಯಿ ಶುಲ್ಕ. 2023ರಿಂದ ಮೊದಲು ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಉಳಿದವರಿಗೆ ಮಾತ್ರ ಮೈದಾನ. ಸಾಮಾನ್ಯ ಸೈನಿಕರ ವಿಭಾಗವಾದ ಜನರಲ್ ಡ್ಯೂಟಿಗೆ ಒಂದು ಗಂಟೆಯಲ್ಲಿ 50 ಪ್ರಶ್ನೆ, 100 ಅಂಕ. ತಪ್ಪು ಉತ್ತರಕ್ಕೆ ಕಾಲು ಭಾಗ ಕಳೆಯುತ್ತಾರೆ. 2025ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಿಂದೆ ಹಿಂದಿ, ಇಂಗ್ಲಿಷಿನ ಪ್ರಶ್ನೆ ಅರ್ಥವಾಗದೆ ಹಿಂದೆ ಬಿದ್ದ ನಮ್ಮ ಕಡೆಯ ಹುಡುಗರಿಗೆ ಇದು ಸಣ್ಣ ವಿಷಯವಲ್ಲ. ಆಮೇಲೆ ರ‍್ಯಾಲಿ: ಬೆರಳಚ್ಚು, ಆಧಾರ್ ತಾಳೆ, ಓಟ, ಬೀಮ್ (ಕಂಬಿಗೆ ಜೋತು ಮೈ ಮೇಲೆಳೆಯುವುದು), ಅಳತೆ, ಹೊಂದಿಕೊಳ್ಳುವ ಸ್ವಭಾವದ ಪರೀಕ್ಷೆ, ದಾಖಲೆ, ಮೆಡಿಕಲ್. ಕೊನೆಗೆ ಮೆರಿಟ್ ಪಟ್ಟಿ. ಒಂದು ಪತ್ರ ಕೆಲಸ ಮಾಡಬೇಕಾದರೆ ಪರೀಕ್ಷೆ ನಡೆಸುವವರು, ಓಟ ನಿಲ್ಲಿಸುವವರು, ಅಳೆಯುವವರು, ವೈದ್ಯರು, ಇವರೆಲ್ಲರ ಕೈಯನ್ನೂ ಹಾದು ಹೋಗಬೇಕು. ಅದಾಗುವುದಿಲ್ಲ. ಪ್ರಭಾವ ಬೀರಲು ಹೊರಟದ್ದು ಗೊತ್ತಾದರೆ ಅಭ್ಯರ್ಥಿತನವೇ ರದ್ದಾಗುತ್ತದೆ.

ಜನರಿಗೆ ಈ ಭ್ರಮೆ ಬರುವುದಕ್ಕೂ ಕಾರಣವಿದೆ. ಮೈದಾನ, ನೀರು, ಶೌಚಾಲಯ, ಬ್ಯಾರಿಕೇಡ್, ಪೊಲೀಸ್ ಬಂದೋಬಸ್ತ್ ಇವೆಲ್ಲ ಜಿಲ್ಲಾಡಳಿತದ ಪಾಲು. ಹಾಗಾಗಿ ರ‍್ಯಾಲಿಯ ಮೊದಲ ದಿನ ಬಾವುಟ ಬೀಸಲು ಜನಪ್ರತಿನಿಧಿಗಳು ಬರುತ್ತಾರೆ, ಅಭ್ಯರ್ಥಿಗಳಿಗೆ ಊಟ ಹಾಕಿಸುತ್ತಾರೆ, ಫೋಟೊ ಹೊಡೆಸಿಕೊಳ್ಳುತ್ತಾರೆ. ಊಟ ಹಾಕಿಸುವುದು ಒಳ್ಳೆಯದೇ. ಆದರೆ ಸ್ಟಾಪ್‌ವಾಚ್ ಅವರ ಕೈಯಲ್ಲಿರುವುದಿಲ್ಲ.

ಹಾಗೆಂದು ವ್ಯವಸ್ಥೆಯಲ್ಲಿ ಕೊಳೆಯೇ ಇಲ್ಲ ಎಂದು ಹೇಳಿದರೆ ಸುಳ್ಳಾದೀತು. 2021ರ ಫೆಬ್ರವರಿ 28ರಂದು ಜನರಲ್ ಡ್ಯೂಟಿ ಸೈನಿಕರ ಲಿಖಿತ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಸೇನೆ ಇಡೀ ದೇಶದಲ್ಲಿ ಪರೀಕ್ಷೆ ರದ್ದು ಮಾಡಿತು. ಅದೇ ವರ್ಷ ಅಧಿಕಾರಿಗಳ ಆಯ್ಕೆಯಲ್ಲಿ ಲಂಚ ನಡೆದ ಆರೋಪದ ಮೇಲೆ ಸೇನಾ ಸಿಬ್ಬಂದಿಯ ವಿರುದ್ಧವೇ ಸಿಬಿಐ ಪ್ರಕರಣ ದಾಖಲಿಸಿತು. ಈ ಎರಡರಲ್ಲೂ ಆಪಾದನೆ ಇದ್ದದ್ದು ಹಣದ ಮೇಲೆ, ಯಾವ ಶಾಸಕರ ಲೆಟರ್‌ಹೆಡ್ಡಿನ ಮೇಲೂ ಅಲ್ಲ. ಅದೂ ಸಿಕ್ಕಿಬಿದ್ದಾಗ ನಷ್ಟವಾದದ್ದು ಹಣ ಕೊಡದೆ ಬರೆದ ಸಾವಿರಾರು ಹುಡುಗರಿಗೆ.

ಠಾಣೆಯ ಪ್ರಕರಣ

ನಿಮ್ಮ ಪತ್ರದಲ್ಲಿ ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಇದು. ಮುಚ್ಚಿಡಿ ಎಂದು ಹೇಳಿದವರಿಗೆ ಕಾನೂನು ಗೊತ್ತಿಲ್ಲ, ಅಥವಾ ನಿಮ್ಮ ಮಗನ ಭವಿಷ್ಯದ ಬಗ್ಗೆ ಕಾಳಜಿ ಇಲ್ಲ.

1950ರ ಸೇನಾ ಕಾಯ್ದೆಯ 44ನೇ ಕಲಮು ಭರ್ತಿಯ ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಉತ್ತರ ಬರೆದವರಿಗೆ ಐದು ವರ್ಷದವರೆಗೆ ಜೈಲು ವಿಧಿಸುತ್ತದೆ. ಇದು ಅನ್ವಯವಾಗುವುದು ಸೇರಿದ ಮೇಲೆ. ಅಂದರೆ ಹುಡುಗ ತರಬೇತಿ ಮುಗಿಸಿ ಸಮವಸ್ತ್ರ ಹಾಕಿಕೊಂಡ ಬಳಿಕ ಕಾರ್ಕಳದಿಂದ ಪೊಲೀಸ್ ವರದಿ ಬರುತ್ತದೆ, ಅಲ್ಲಿಗೆ ಕೆಲಸವೂ ಹೋಯಿತು, ಹೊಸ ಪ್ರಕರಣವೂ ಹುಟ್ಟಿತು. 2022ರಲ್ಲಿ, ನಾಲ್ಕು ವರ್ಷಕ್ಕೆ ಸೈನಿಕರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ವಿರುದ್ಧ ದೇಶದಲ್ಲಿ ರೈಲು ಸುಟ್ಟ ಗಲಾಟೆಗಳಾದಾಗ, ಪ್ರತಿಯೊಬ್ಬ ಅಭ್ಯರ್ಥಿಯೂ ತಾನು ಅಂಥದ್ದರಲ್ಲಿ ಭಾಗಿಯಾಗಿಲ್ಲ ಎಂದು ಬರೆದುಕೊಡಬೇಕು, ನೂರಕ್ಕೆ ನೂರು ಪೊಲೀಸ್ ಪರಿಶೀಲನೆ ಇರುತ್ತದೆ ಎಂದು ಸೇನೆ ಸ್ಪಷ್ಟಪಡಿಸಿತು. ಆ ಜಾಗ್ರತೆ ಈಗಲೂ ಕಮ್ಮಿಯಾಗಿಲ್ಲ.

ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಈ ವಿಷಯವನ್ನು ಬಿಡಿಸಿ ಹೇಳಿದೆ. ಎಳೆ ಪ್ರಾಯದಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ನೇಮಕ ಮಾಡುವವರು ಮನ್ನಿಸಬಹುದು. ಪ್ರಾಮಾಣಿಕವಾಗಿ ತಿಳಿಸಿದವನ ಅರ್ಹತೆಯನ್ನೂ ಅವರು ಪರಿಶೀಲಿಸಬಹುದು, ಆದರೆ ನೇಮಿಸಲೇಬೇಕೆಂಬ ಬಲವಂತವಿಲ್ಲ. ಹಲವು ಪ್ರಕರಣ ಬಾಕಿ ಇರುವುದನ್ನು ಬೇಕೆಂದೇ ಮರೆಮಾಚಿದರೆ ಅದೇ ದೊಡ್ಡ ಅನರ್ಹತೆ.

ನಿಮ್ಮ ಮಗನಿಗೆ ಅನುಕೂಲವಾದ ಒಂದು ಅಂಶವಿದೆ, ಅವನ ವಯಸ್ಸು. ಘಟನೆಯ ದಿನ ಅವನಿಗೆ 18 ಆಗಿರಲಿಲ್ಲ. ಹಾಗಾಗಿ ಅವನ ವಿಚಾರಣೆ ನಡೆಯಬೇಕಾದದ್ದು ಬಾಲ ನ್ಯಾಯ ಮಂಡಳಿಯ ಮುಂದೆ, ಮೆರವಣಿಗೆಯಲ್ಲಿದ್ದ ದೊಡ್ಡವರ ಜೊತೆ ನ್ಯಾಯಾಲಯದಲ್ಲಿ ಅಲ್ಲ. ಮಕ್ಕಳ ಮೇಲೆ ಸಾಮಾನ್ಯವಾಗಿ ಎಫ್‌ಐಆರ್ ಹಾಕುವಂತಿಲ್ಲ, ಹೀನ ಅಪರಾಧ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ ಅಪರಾಧ ಇದ್ದರೆ ಮಾತ್ರ ಹಾಕಬಹುದು. ಇಲ್ಲಿ ಆದದ್ದು ಎರಡನೆಯದು. ಹೀಗೆ ಗುಂಪಿನಲ್ಲಿ ಹೆಸರು ಬರೆಯುವಾಗ ಠಾಣೆಯಲ್ಲಿ ವಯಸ್ಸು ತಪ್ಪಾಗಿ ದಾಖಲಾಗಿ, ಹುಡುಗನ ಹೆಸರು ದೊಡ್ಡವರ ಆರೋಪಪಟ್ಟಿಯಲ್ಲೇ ಉಳಿದುಬಿಡುವುದುಂಟು. ಅದನ್ನು ಮೊದಲು ನೋಡಿ. ಹಾಗಾಗಿದ್ದರೆ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ ವಕೀಲರ ಮೂಲಕ ಅವನ ಭಾಗವನ್ನು ಮಂಡಳಿಗೆ ವರ್ಗಾಯಿಸಿಕೊಳ್ಳಬೇಕು.

ಎರಡನೆಯದು, ಯಾವ ಕಲಮು ಹಾಕಿದ್ದಾರೆ ಎಂಬುದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಕ್ರಮ ಕೂಟಕ್ಕೆ, ಅಂದರೆ 189(2)ಕ್ಕೆ, ಗರಿಷ್ಠ ಆರು ತಿಂಗಳು. ದೊಂಬಿಗೆ, 191(2)ಕ್ಕೆ, ಗರಿಷ್ಠ ಎರಡು ವರ್ಷ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು ಬಾಲ ನ್ಯಾಯ ಕಾಯ್ದೆ ಸಣ್ಣ ಅಪರಾಧ ಎಂದು ಎಣಿಸುತ್ತದೆ. ಅಂಥ ಪ್ರಕರಣದ ವಿಚಾರಣೆ ನಾಲ್ಕು ತಿಂಗಳಲ್ಲಿ, ಮುಂದುವರಿಸಿದರೆ ಇನ್ನೆರಡು ತಿಂಗಳಲ್ಲಿ ಮುಗಿಯದಿದ್ದರೆ ತಾನಾಗಿಯೇ ರದ್ದು. ಇದು 14ನೇ ಕಲಮು. ಆದರೆ ಮಾರಕಾಯುಧ ಹಿಡಿದ ದೊಂಬಿ, 191(3), ಸೇರಿಸಿದ್ದರೆ ಶಿಕ್ಷೆ ಐದು ವರ್ಷಕ್ಕೆ ಏರುತ್ತದೆ, ಆಗ ಈ ಅನುಕೂಲ ಇಲ್ಲ. ಗುಂಪು ಪ್ರಕರಣಗಳಲ್ಲಿ ಒಬ್ಬನ ಕೈಯಲ್ಲಿ ದೊಣ್ಣೆ ಕಂಡರೂ ಎಲ್ಲರಿಗೂ ಈ ಕಲಮು ಅಂಟಿಸುವ ರೂಢಿಯುಂಟು. ಆದ್ದರಿಂದ ಎಫ್‌ಐಆರ್ ಪ್ರತಿಯನ್ನು ಕಣ್ಣಾರೆ ಓದಬೇಕು, ಬಾಯಿಮಾತಿನ ಸಮಾಧಾನ ಸಾಲದು.

ಪ್ರಕರಣ ಮುಗಿದ ಮೇಲೆ 24ನೇ ಕಲಮು ನಿಮ್ಮ ಕಡೆಗಿದೆ. ಬಾಲ ನ್ಯಾಯ ಕಾಯ್ದೆಯಡಿ ವಿಚಾರಣೆಗೊಳಗಾದ ಮಗುವಿಗೆ ಆ ಕಾರಣಕ್ಕೆ ಯಾವ ಅನರ್ಹತೆಯೂ ತಟ್ಟಬಾರದು ಎನ್ನುತ್ತದೆ ಅದು. ಬಾಕಿ ಇರುವಾಗ ಮಾತ್ರ ಪೊಲೀಸ್ ವರದಿ ಸ್ವಚ್ಛವಾಗಿ ಬರುವುದಿಲ್ಲ, ಆಯ್ಕೆ ಅಲ್ಲಿಗೇ ನಿಲ್ಲಬಹುದು.

ಹಾಗಾದರೆ ಈಗಲೇ ಅರ್ಜಿ ಹಾಕುವುದೋ, ಪ್ರಕರಣ ಮುಗಿಯಲು ಕಾಯುವುದೋ? ಈಗ ಹಾಕಿದರೆ ಪರೀಕ್ಷೆಯ ಅನುಭವವಾದರೂ ಸಿಗುತ್ತದೆ, ಆದರೆ ಪ್ರಶ್ನೆ ಇರುವ ಕಡೆ ಪ್ರಕರಣವನ್ನು ಬರೆಯಲೇಬೇಕು, ಕೊನೆ ಹಂತದಲ್ಲಿ ತಡೆಬೀಳುವ ಅಪಾಯವಿದೆ. ಕಾದರೆ ಒಂದು ಸುತ್ತು ಕಳೆದುಹೋಗುತ್ತದೆ. ಯೋಜನೆ ಘೋಷಣೆಯಾದಾಗ ವಯೋಮಿತಿ 17½ರಿಂದ 21 ಎಂದಿತ್ತು. ಆಯಾ ವರ್ಷದ ಅಧಿಸೂಚನೆಯಲ್ಲಿ ಜನ್ಮದಿನಾಂಕಗಳನ್ನೇ ಕೊಟ್ಟಿರುತ್ತಾರೆ, ಅದನ್ನು ನೋಡಿಕೊಳ್ಳಿ. ನಿಮ್ಮ ಮಗನಿಗೆ ಇನ್ನೂ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ನನ್ನ ಮಾತು ಕೇಳುವುದಾದರೆ, ಮಂಡಳಿಯಲ್ಲಿ ಪ್ರಕರಣ ಮುಗಿಸುವ ಕೆಲಸವನ್ನು ಈ ತಿಂಗಳೇ ಶುರುಮಾಡಿ, ಅದರ ಜೊತೆಗೇ ನಿಜ ಬರೆದು ಅರ್ಜಿಯನ್ನೂ ಹಾಕಿ. ಆದೇಶದ ದೃಢೀಕೃತ ಪ್ರತಿ ಬಂದ ದಿನವೇ ಭರ್ತಿ ಕಚೇರಿಗೆ ಕೊಡಬಹುದು.

ಪಕ್ಷದ ಸದಸ್ಯತ್ವ ಬೇರೆ ವಿಷಯ. ಸೇರುವ ಮೊದಲು ಪಕ್ಷದಲ್ಲಿದ್ದದ್ದು ಅಪರಾಧವಲ್ಲ. ಸೇರಿದ ಮೇಲೆ ಇರುವಂತಿಲ್ಲ. ಯುವ ಘಟಕದಲ್ಲಿ ಹೆಸರಿದ್ದರೆ ಬರಹದಲ್ಲಿ ರಾಜೀನಾಮೆ ಕೊಟ್ಟು ಪ್ರತಿ ಇಟ್ಟುಕೊಳ್ಳಲಿ, ವಾಟ್ಸ್‌ಆ್ಯಪ್ ಗುಂಪುಗಳಿಂದ ಹೊರಬರಲಿ. ಮುಖಂಡರ ಜೊತೆಗಿನ ಫ್ಲೆಕ್ಸ್‌ನಲ್ಲಿ ಮಗನ ಮುಖ ಹಾಕುವುದನ್ನು ನಿಲ್ಲಿಸಲು ನೀವೇ ಹೇಳಿ.

ಹಚ್ಚೆಯ ಬಗ್ಗೆ: ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಮುಖ, ಮತ್ತು ಅಂಗೈಯ ಹಿಂಬದಿ, ಇವೆರಡು ಕಡೆ ಬಿಟ್ಟು ಬೇರೆಲ್ಲೂ ಶಾಶ್ವತ ಹಚ್ಚೆಗೆ ಅವಕಾಶವಿಲ್ಲ. ರೂಢಿಯಿಂದ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟುಗಳಿಗೆ ವಿನಾಯಿತಿ ಇದೆ. ನಮ್ಮ ಹುಲಿವೇಷ ಎಷ್ಟೇ ಹಳೆಯ ಸಂಪ್ರದಾಯವಾದರೂ ಅದಕ್ಕೆ ಈ ವಿನಾಯಿತಿ ಸಿಗದು. ನವರಾತ್ರಿಯ ಬಣ್ಣ ತೊಳೆದು ಹೋಗುತ್ತದೆ, ಸೂಜಿಯ ಬಣ್ಣ ಹೋಗುವುದಿಲ್ಲ. ತೋಳಿನ ಮೇಲ್ಭಾಗದ್ದನ್ನು ತೆಗೆಸಲೇಬೇಕು. ಚರ್ಮತಜ್ಞರ ಹತ್ತಿರ ಲೇಸರ್ ಮಾಡಿಸಿದರೆ ವಾರಗಟ್ಟಲೆ ಅಂತರದಲ್ಲಿ ಹಲವು ಸರದಿ ಬೇಕಾಗುತ್ತದೆ, ದಟ್ಟ ಹಸಿರು ಬಣ್ಣ ಬೇಗ ಮಾಸುವುದಿಲ್ಲ. ಆದ್ದರಿಂದ ರ‍್ಯಾಲಿಗೆ ಒಂದು ತಿಂಗಳಿರುವಾಗ ಓಡಿದರೆ ಪ್ರಯೋಜನವಿಲ್ಲ. ಆ್ಯಸಿಡ್ ಹಚ್ಚಿ ಸುಡಿಸುವವರ ಹತ್ತಿರ ಮಾತ್ರ ಹೋಗಬೇಡಿ, ಉಬ್ಬಿದ ಗಾಯದ ಕಲೆ ಉಳಿದು ಅದೇ ಮೆಡಿಕಲ್‌ನಲ್ಲಿ ಇನ್ನೊಂದು ತಕರಾರಾಗುತ್ತದೆ.

ಮಾನದಂಡ ಸಡಿಲವಾಯಿತೇ?

ನಿಮ್ಮ ಭಾವನವರ ಮಾತಿನಲ್ಲಿ ಅರ್ಧ ನಿಜವಿದೆ. ಎತ್ತರ, ಎದೆಯಳತೆ ಬದಲಾಗಿಲ್ಲ. ದಕ್ಷಿಣದ ರಾಜ್ಯಗಳಿಗೆ ಜನರಲ್ ಡ್ಯೂಟಿಯಲ್ಲಿ 166 ಸೆಂ.ಮೀ., ಎದೆ 77, ಉಸಿರೆಳೆದಾಗ 5 ಸೆಂ.ಮೀ. ಹೆಚ್ಚಬೇಕು. ಪಂಜಾಬ್, ಹರಿಯಾಣಕ್ಕೆ 170, ಈಶಾನ್ಯದವರಿಗೆ ಮತ್ತು ಗೂರ್ಖರಿಗೆ ಇನ್ನೂ ಕಡಿಮೆ. ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಎತ್ತರದಲ್ಲಿ 2 ಸೆಂ.ಮೀ. ರಿಯಾಯಿತಿ ಉಂಟು, ಭಾವನ ಮಗನಲ್ಲದ ಕಾರಣ ನಿಮ್ಮವನಿಗೆ ಸಿಗದು. ಅವನಿಗೆ ಅದು ಬೇಕಾಗಿಯೂ ಇಲ್ಲ, ಆದರೆ 167 ಎಂದು ಮನೆಯ ಗೋಡೆಗೆ ಅಳೆದಿದ್ದರೆ ಇನ್ನೊಮ್ಮೆ ಬೆಳಿಗ್ಗೆ ಬರಿಗಾಲಲ್ಲಿ ಅಳೆಯಿರಿ. ಸಂಜೆಗೆ ದೇಹ ಒಂದು ಸೆಂಟಿಮೀಟರಿನಷ್ಟು ಕುಗ್ಗುವುದು ಸಹಜ, ಆ ಒಂದರಲ್ಲೇ ಹೊರಬಿದ್ದವರಿದ್ದಾರೆ. ಹತ್ತನೇ ತರಗತಿಯಲ್ಲಿ ಒಟ್ಟು ಶೇ. 45, ಪ್ರತಿ ವಿಷಯದಲ್ಲಿ ಶೇ. 33 ಎಂಬುದೂ ಅಗ್ನಿಪಥಕ್ಕೆ ಮೊದಲಿನದೇ.

ಸಡಿಲವಾದದ್ದು ಓಟದ ಕೆಳಗಿನ ಗೆರೆ. ಮೊದಲು 1.6 ಕಿ.ಮೀ. ಓಟವನ್ನು 5 ನಿಮಿಷ 45 ಸೆಕೆಂಡ್ ಒಳಗೆ ಮುಗಿಸದಿದ್ದರೆ ಹೊರಗೆ. ಇತ್ತೀಚಿನ ಅಧಿಸೂಚನೆಗಳಲ್ಲಿ 6 ನಿಮಿಷ 15 ಸೆಕೆಂಡಿನವರೆಗೂ ಪಾಸು. ಆದರೆ ಅಂಕ ನೋಡಿ: 5.30ರೊಳಗೆ 60, ಅಲ್ಲಿಂದ 5.45ರವರೆಗೆ 48, 6 ನಿಮಿಷದವರೆಗೆ 36, 6.15ಕ್ಕೆ ಬರೇ 24. ಬೀಮ್‌ನಲ್ಲಿ ಹತ್ತು ಎಳೆದರೆ 40, ಆರಕ್ಕೆ 16. ಕೆಳಗಿನ ಗೆರೆಯಲ್ಲಿ ಪಾಸಾದವನ ಕೈಯಲ್ಲಿ ನೂರಕ್ಕೆ ನಲವತ್ತು ಇರುತ್ತದೆ, ಅಂಥವನು ಮೆರಿಟ್ ಪಟ್ಟಿ ತಲುಪುವುದು ಅಪರೂಪ. ಪಾಸಾಗುವ ಗೆರೆ ಅಧಿಸೂಚನೆಯಲ್ಲಿರುತ್ತದೆ, ಆಯ್ಕೆಯ ಗೆರೆಯನ್ನು ಪಕ್ಕದಲ್ಲಿ ಓಡುವವನು ಎಳೆಯುತ್ತಾನೆ.

5.30 ಎಂದರೆ 400 ಮೀಟರಿನ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡ್. ಉಡುಪಿಯ ಅಜ್ಜರಕಾಡು ಅಥವಾ ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲಿ ವಾಚ್ ಹಿಡಿದು ಅಳೆಯಿರಿ. ಹುಡುಗರು ಸಾಮಾನ್ಯವಾಗಿ ಮೊದಲ ಸುತ್ತನ್ನು 70 ಸೆಕೆಂಡಿನಲ್ಲಿ ಹೊಡೆದು ಮೂರನೆಯದರಲ್ಲಿ 95ಕ್ಕೆ ಇಳಿಯುತ್ತಾರೆ. ಓಟ ಕೆಡುವುದು ಅಲ್ಲೇ. ಮೊದಲೆರಡು ಸುತ್ತು 83, ಮೂರನೆಯದು 84, ಕೊನೆಯದು 80, ಹೀಗೆ ಓಡಲು ಕಲಿಯಲಿ. ಮಲ್ಪೆ, ಪಣಂಬೂರಿನ ಮೆದು ಮರಳಿನಲ್ಲಿ ದಿನವೂ ಓಡುವ ಚಾಳಿ ಇದ್ದರೆ ಬಿಡಲಿ, ವಾರಕ್ಕೊಮ್ಮೆ ಸಾಕು. ಹೆಚ್ಚಾದರೆ ಮೊಣಕಾಲಿನ ಕೆಳಗಿನ ಮೂಳೆ ನೋವು ಶುರುವಾಗಿ ತಿಂಗಳು ಹಾಳು. ಬೀಮ್‌ನಲ್ಲಿ ಕೈ ಪೂರ್ತಿ ಚಾಚಿ, ಗದ್ದ ಕಂಬಿಯ ಮೇಲೆ ಬರಬೇಕು, ಕಾಲು ಒದ್ದು ಜೋಲಿ ಹೊಡೆದದ್ದನ್ನು ಎಣಿಸುವುದಿಲ್ಲ. ಜಿಮ್‌ನಲ್ಲಿ ಹನ್ನೆರಡು ಹೊಡೆಯುವವನು ಮೈದಾನದಲ್ಲಿ ಏಳಕ್ಕೆ ನಿಲ್ಲುವುದು ಇದರಿಂದ. ಅದೂ ಓಟ ಮುಗಿದ ಮೇಲೆ ಬೀಮ್ ಇರುವುದರಿಂದ, ಅಭ್ಯಾಸವೂ ಅದೇ ಕ್ರಮದಲ್ಲಿ ಆಗಬೇಕು. ನಮ್ಮ ಸೆಕೆ, ಬೆವರಿಗೆ ತೊಡೆಸಂದಿಯಲ್ಲಿ ಬರುವ ಹುಳುಕಡ್ಡಿ, ಕಿವಿಯ ಗುಗ್ಗೆ, ಹುಳುಕು ಹಲ್ಲು, ಇವು ತಾತ್ಕಾಲಿಕ ಅನರ್ಹತೆಗೆ ಕಾರಣವಾಗುವ ಸಣ್ಣ ವಿಷಯಗಳು. ಮೊದಲೇ ವೈದ್ಯರಿಗೆ ತೋರಿಸಿದರೆ ಮುಗಿಯಿತು.

ವಾಣಿಜ್ಯದಲ್ಲಿ ಶೇ. 71 ಇರುವ ಹುಡುಗ ಜನರಲ್ ಡ್ಯೂಟಿ ಒಂದಕ್ಕೇ ಅಂಟಿಕೊಳ್ಳುವುದು ಯಾಕೆ? ಕ್ಲರ್ಕ್–ಸ್ಟೋರ್‌ಕೀಪರ್ ವಿಭಾಗಕ್ಕೆ ಪಿಯುಸಿಯಲ್ಲಿ ಒಟ್ಟು ಶೇ. 60, ಪ್ರತಿ ವಿಷಯದಲ್ಲಿ ಶೇ. 50 ಬೇಕು, ಇಂಗ್ಲಿಷ್ ಮತ್ತು ಗಣಿತ ಅಥವಾ ಲೆಕ್ಕಶಾಸ್ತ್ರ ಓದಿರಬೇಕು. ಎತ್ತರ 162 ಸಾಕು. ಟೈಪಿಂಗ್ ಪರೀಕ್ಷೆಯೂ ಸೇರಿದೆ, ಅದನ್ನು ಈಗಲೇ ಕಲಿಯಲಿ. 2025ರಿಂದ ಅರ್ಹತೆ ಇದ್ದವರು ಎರಡು ವಿಭಾಗಕ್ಕೆ ಅರ್ಜಿ ಹಾಕಬಹುದು.

ನಿಷ್ಠೆ ಯಾರಿಗೆ?

ತರಬೇತಿ ಮುಗಿಸಿ ಪ್ರತಿಜ್ಞೆ ಮಾಡುವ ಕಸಂ ಪರೇಡಿನ ದಿನ ಸೈನಿಕ ಪ್ರಮಾಣ ಮಾಡುವುದು ಸಂವಿಧಾನಕ್ಕೆ. ನೆಲ, ಜಲ, ಆಕಾಶ ಯಾವ ದಾರಿಯಲ್ಲಿ ಕಳಿಸಿದರೂ ಹೋಗುತ್ತೇನೆ, ರಾಷ್ಟ್ರಪತಿಯ ಮತ್ತು ಮೇಲಧಿಕಾರಿಯ ಆಜ್ಞೆಯನ್ನು ಪ್ರಾಣಾಪಾಯವಿದ್ದರೂ ಪಾಲಿಸುತ್ತೇನೆ ಎನ್ನುತ್ತಾನೆ. ಅದರಲ್ಲಿ ಪ್ರಧಾನಿಯ ಹೆಸರಿಲ್ಲ, ಪಕ್ಷದ ಹೆಸರಿಲ್ಲ. 1954ರ ಸೇನಾ ನಿಯಮಗಳ 20ನೇ ನಿಯಮದಂತೆ ಪಕ್ಷದ ಸಭೆಗೆ ಹೋಗುವಂತಿಲ್ಲ, ಸದಸ್ಯನಾಗುವಂತಿಲ್ಲ, ಚಂದಾ ಕೊಡುವಂತಿಲ್ಲ. ಮತ ಹಾಕಬಹುದು, ಅಂಚೆ ಮೂಲಕ. ಅಗ್ನಿಪಥದಲ್ಲಿ ಸೇರಿದ ಅಗ್ನಿವೀರನಿಗೂ ಇದೇ ಕಾಯ್ದೆ, ಇದೇ ಪ್ರಮಾಣ. ನಾಲ್ಕು ವರ್ಷಕ್ಕೆ ಅರ್ಧ ಪ್ರಮಾಣ ಎಂಬುದಿಲ್ಲ.

ನಿಷ್ಠೆಯ ಹೆಸರಿನಲ್ಲಿ ಆಯ್ಕೆಯ ಮಾನದಂಡವನ್ನೇ ತಿರುಚಿದ ಕಾಲವೊಂದಿತ್ತು, ಅದು ಬ್ರಿಟಿಷರದು. 1857ರ ಬಳಿಕ ಯಾರು ತಮ್ಮ ವಿರುದ್ಧ ಏಳುವುದಿಲ್ಲವೋ ಅವರನ್ನು ಯೋಧ ಜನಾಂಗ ಎಂದು ಕರೆದು, ಪಂಜಾಬ್, ನೇಪಾಳದ ಕಡೆ ವಾಲಿದರು. ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಲ್ಲ ಎಂದು ಮದ್ರಾಸ್ ಪಡೆಯನ್ನು ಕುಗ್ಗಿಸುತ್ತಾ ಹೋದರು. ಎರಡನೇ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ ಅದೇ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು. ಕರಾವಳಿಯಲ್ಲಿ ಇಂದಿಗೂ "ನಮ್ಮವರಿಗೆ ಸೇನೆ ಆಗಿಬರುವುದಿಲ್ಲ" ಎನ್ನುವವರಿದ್ದಾರಲ್ಲ, ಆ ಮಾತಿಗೆ ಮುಂಬಯಿ, ಗಲ್ಫ್, ಬ್ಯಾಂಕು ನೌಕರಿಗಳಷ್ಟೇ ಕಾರಣವಲ್ಲ, ಈ ಹಳೆಯ ಹಣೆಪಟ್ಟಿಯದೂ ಪಾಲಿದೆ. 1949ರಲ್ಲಿ ನಮ್ಮ ಪಕ್ಕದ ಕೊಡಗಿನ ಕಾರ್ಯಪ್ಪನವರು ಮೊದಲ ಭಾರತೀಯ ದಂಡನಾಯಕರಾದ ವರ್ಷವೇ ಎಲ್ಲ ಪ್ರಾಂತ್ಯ, ಎಲ್ಲ ಜಾತಿಯವರಿರುವ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಹುಟ್ಟಿತು. ಹಳೆಯ ರೆಜಿಮೆಂಟುಗಳಲ್ಲಿ ಜಾತಿ, ಪ್ರಾಂತ್ಯದ ಸಂಯೋಜನೆ ಮುಂದುವರಿಯಿತು. 1984ರಲ್ಲಿ ಸ್ವರ್ಣಮಂದಿರದ ಕಾರ್ಯಾಚರಣೆಯ ಬಳಿಕ ಕೆಲವು ಸಿಖ್ ಘಟಕಗಳಲ್ಲಿ ದಂಗೆಯಾದದ್ದು ಆ ಸಂಯೋಜನೆಯ ಅಪಾಯವನ್ನು ತೋರಿಸಿತು. ಅಷ್ಟೇ ಅಲ್ಲ, ರಾಜಕೀಯ ನಿರ್ಧಾರದ ಭಾರ ಬ್ಯಾರಕ್ಕಿನ ಮೇಲೆ ಬಿದ್ದಾಗ ಏನಾಗುತ್ತದೆ ಎಂಬುದನ್ನೂ ತೋರಿಸಿತು. ಅರ್ಜಿಯಲ್ಲಿ ಜಾತಿ, ಧರ್ಮದ ಪ್ರಮಾಣಪತ್ರ ಕೇಳುವುದನ್ನು 2022ರಲ್ಲಿ ಹೊಸ ರಾಜಕೀಯ ಎಂದವರಿದ್ದರು. ಅದು ಮೊದಲಿನಿಂದಲೂ ಇದ್ದದ್ದೇ.

ರಾಜಕಾರಣಿಯ ಕೈ ಸೇನೆಗೆ ತಾಗಿದ್ದು ಭರ್ತಿಯ ಸಾಲಿನಲ್ಲಲ್ಲ, ಮೇಲಿನ ಬಡ್ತಿಯಲ್ಲಿ. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಜಟಾಪಟಿಯಿಂದ ಸೇನಾ ಮುಖ್ಯಸ್ಥ ಜನರಲ್ ತಿಮ್ಮಯ್ಯ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ವಾಪಸ್ ಪಡೆದರು. ಮೂರು ವರ್ಷದ ಬಳಿಕ, ಯುದ್ಧದಲ್ಲಿ ಪಡೆ ನಡೆಸಿದ ಅನುಭವವಿಲ್ಲದ, ಆದರೆ ಮೇಲಿನವರಿಗೆ ಹತ್ತಿರವಾಗಿದ್ದ ಬಿ.ಎಂ. ಕೌಲ್ ಕೈಗೆ ಈಶಾನ್ಯದ ಕೋರ್, ಅಂದರೆ ಅಲ್ಲಿನ ದೊಡ್ಡ ಸೇನಾ ಪಡೆ, ಹೋಯಿತು. 1962ರ ಚೀನಾ ಯುದ್ಧದಲ್ಲಿ ಅದರ ಬೆಲೆ ಕೊಟ್ಟವರು ಜವಾನರು. ಈಚೆಗೆ ಕಾಣುವುದು ಇನ್ನೊಂದು ಬಗೆ: ಸೈನಿಕರ ಫೋಟೊ ಹಾಕಿ ಮತ ಕೇಳುವುದು. ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಇದು ಬೇಡ ಎಂದಿತು, 2019ರ ಮಾರ್ಚಿನಲ್ಲಿ ಮತ್ತೆ ಹೇಳಬೇಕಾಯಿತು. ನಿಮ್ಮ ಭಾವನವರ ಕಳವಳ ಈ ಎರಡು ಕಡೆ ನ್ಯಾಯವಾದದ್ದೇ.

ನಾಲ್ಕು ವರ್ಷದ ಯೋಜನೆಯಲ್ಲಿ ನನಗೆ ಅನುಮಾನವಿರುವುದು ನಿಷ್ಠೆಯ ಬಗ್ಗೆ ಅಲ್ಲ. ಕಾರ್ಗಿಲ್ ಯುದ್ಧದ ಬಳಿಕ ರಚಿಸಿದ ಕಾರ್ಗಿಲ್ ಪರಿಶೀಲನಾ ಸಮಿತಿಯೇ ಸೇವಾವಧಿಯನ್ನು 17 ವರ್ಷದಿಂದ 7ರಿಂದ 10ಕ್ಕೆ ಇಳಿಸಬೇಕೆಂದಿತ್ತು, ಸೇನೆ ಪ್ರಾಯದಲ್ಲಿ ಎಳೆಯದಾಗಿರಲಿ ಎಂಬುದು ಹೊಸ ಯೋಚನೆಯಲ್ಲ. ಆದರೆ ನಾಲ್ಕು ಎಂಬುದು ಏಳಕ್ಕಿಂತ ಬಹಳ ಕಡಿಮೆ. ಅಗ್ನಿವೀರರ ತರಬೇತಿ 31 ವಾರ. ಅದರ ಮೇಲೆ ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬನಿಗೆ ಕಾಯಂ ಎಂದಾಗ, ಒಂದೇ ಬಂಕರಿನಲ್ಲಿ ಪರಸ್ಪರ ನಂಬಿ ಇರಬೇಕಾದವರು ಪರಸ್ಪರ ಪ್ರತಿಸ್ಪರ್ಧಿಗಳೂ ಆಗುತ್ತಾರೆ. ಇದು ಹುಡುಗರ ದೋಷವಲ್ಲ, ಲೆಕ್ಕ ಹಾಕಿದವರು ಉತ್ತರಿಸಬೇಕಾದ ಪ್ರಶ್ನೆ.

ಮನೆಯ ಲೆಕ್ಕವನ್ನೂ ಹಾಕಿಕೊಳ್ಳಿ. ಯೋಜನೆಯ ಪ್ರಕಟಣೆಯಂತೆ ಮೊದಲ ವರ್ಷ ತಿಂಗಳಿಗೆ 30,000, ಕೈಗೆ 21,000. ನಾಲ್ಕನೇ ವರ್ಷ 40,000, ಕೈಗೆ 28,000. ಉಳಿದ ಶೇ. 30 ನಿಧಿಗೆ, ಸರಕಾರದ್ದೂ ಅಷ್ಟೇ ಸೇರಿ, ಹೊರಬರುವಾಗ ಬಡ್ಡಿ ಸಮೇತ ಸುಮಾರು 11.71 ಲಕ್ಷ. ಪಿಂಚಣಿ, ಗ್ರಾಚ್ಯುಟಿ, ಮಾಜಿ ಸೈನಿಕನ ಸೌಲಭ್ಯ ಇಲ್ಲ. ಸೇವೆಯ ಅವಧಿಯಲ್ಲಿ ಮದುವೆಯಾಗುವಂತಿಲ್ಲ. ಆಮೇಲೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ. 10 ಮೀಸಲನ್ನು 2022ರಲ್ಲಿ ಘೋಷಿಸಿದ್ದರು. ಒಳಗಿರುವಾಗಲೇ ದೂರಶಿಕ್ಷಣದಲ್ಲಿ ಬಿ.ಕಾಂ. ಮುಗಿಸಿದರೆ 22–23ರಲ್ಲಿ ಹೊರಬಂದವನ ಕೈ ಖಾಲಿ ಇರುವುದಿಲ್ಲ.

ಬೇರೆ ದಾರಿಗಳಲ್ಲಿ, ಸಶಸ್ತ್ರ ಪೊಲೀಸ್ ಪಡೆಗಳ ನೇರ ಭರ್ತಿಗೆ ಸಾಮಾನ್ಯವಾಗಿ 170 ಸೆಂ.ಮೀ. ಬೇಕು, 167 ಸಾಲದು. ವಾಯುಸೇನೆಯ ಅಗ್ನಿವೀರ್ ವಾಯು ವಿಭಾಗಕ್ಕೆ ವಾಣಿಜ್ಯದವರೂ ಅರ್ಹರು, ಒಟ್ಟು ಮತ್ತು ಇಂಗ್ಲಿಷಿನಲ್ಲಿ ತಲಾ ಶೇ. 50 ಇದ್ದರೆ ಆಯಿತು. ಪಣಂಬೂರಿನಲ್ಲೇ ನೆಲೆಯಿರುವ ಕೋಸ್ಟ್ ಗಾರ್ಡನ್ನು ನಮ್ಮ ಹುಡುಗರು ಯಾಕೋ ಮರೆತೇಬಿಡುತ್ತಾರೆ. ಅದು ಅಗ್ನಿಪಥದಲ್ಲಿಲ್ಲ, ನಾಲ್ಕು ವರ್ಷದ ಕತ್ತರಿ ಇಲ್ಲ. ವಯಸ್ಸು 18ರಿಂದ 22, ಎತ್ತರ 157, ಓಟ 1.6 ಕಿ.ಮೀ.ಗೆ 7 ನಿಮಿಷ, 20 ಬಸ್ಕಿ, 10 ದಂಡ. ನಾವಿಕ್ ಜನರಲ್ ಡ್ಯೂಟಿಗೆ ಗಣಿತ, ಭೌತಶಾಸ್ತ್ರ ಬೇಕಾದ್ದರಿಂದ ನಿಮ್ಮ ಮಗನಿಗೆ ಉಳಿಯುವುದು ಹತ್ತನೇ ತರಗತಿಯ ಮೇಲಿನ ಡೊಮೆಸ್ಟಿಕ್ ಬ್ರಾಂಚ್, ಅಡುಗೆ ಮತ್ತು ಊಟ ಬಡಿಸುವ ಕೆಲಸ. ಅದಕ್ಕೆ ಅವನು ಒಪ್ಪುತ್ತಾನೋ ಇಲ್ಲವೋ, ಅವನನ್ನೇ ಕೇಳಿ. ಪೊಲೀಸ್ ಪರಿಶೀಲನೆ ಈ ಎಲ್ಲ ಕಡೆಯೂ ಇದೆ, ಆದ್ದರಿಂದ ಬಾಲ ನ್ಯಾಯ ಮಂಡಳಿಯ ಆದೇಶ ಬಂದಾಗ ದೃಢೀಕೃತ ಪ್ರತಿ ಒಂದಲ್ಲ, ಮೂರು ತೆಗೆದುಕೊಳ್ಳಿ.